ಮುಂಬಾಗಿಲಿನಿಂದ ಕೊಂಡದ್ದು

ನನ್ನ ತಂಗಿ ಐಸಿಲ್ಡಾಳ ಮಂಡಿನೋವು ಹೊಸದಲ್ಲ. ಮೂವತ್ತು ವರ್ಷ ಕಂಡವರ ಮನೆಯ ಮುದುಕರನ್ನು ಎತ್ತಿ, ಇಳಿಸಿ, ಮೀಯಿಸಿ ದುಡಿದವಳ ಮಂಡಿ ಇನ್ನು ಹೇಗಿದ್ದೀತು? ಔಷಧವೂ ಹೊಸದಲ್ಲ. ನಮ್ಮ ಜಮೈಕಾದಲ್ಲಿ ಬೆಟ್ಟದ ಕಡೆಯ ಮನೆಗಳಲ್ಲಿ ಮಂಚದ ಕೆಳಗೆ ಒಂದು ಸೀಸೆ ಇದ್ದೇ ಇರುತ್ತಿತ್ತು. ಬಿಳಿ ರಮ್ಮಿನಲ್ಲಿ ಗಾಂಜಾ ಸೊಪ್ಪು ನೆನೆಹಾಕಿ, ಕತ್ತಲಲ್ಲಿಟ್ಟು, ಹಸಿರೆಲ್ಲ ಇಳಿದ ಮೇಲೆ ಕೈಕಾಲಿಗೆ ತಿಕ್ಕುವುದು. ಆ ಸೊಪ್ಪನ್ನೂ ಅದರ ಹೆಸರನ್ನೂ ಕಬ್ಬಿನ ತೋಟದ ಕೂಲಿಗೆ ಬಂದ ಇಂಡಿಯಾದವರು ತಂದರಂತೆ. ನಮ್ಮಜ್ಜಿ ಹಾಗೆ ಹೇಳುತ್ತಿದ್ದಳು. ಅಜ್ಜಿ ಭಾನುವಾರ ಇಗರ್ಜಿಯಲ್ಲಿ ಮಂಡಿಯೂರುವುದಕ್ಕೆ ಮೊದಲು ಮನೆಯಲ್ಲಿ ಮಂಡಿಗೆ ಅದನ್ನು ತಿಕ್ಕಿಕೊಂಡೇ ಹೊರಡುವಳು. ಸೇದುವವರನ್ನು ಕಂಡರೆ ಮಾತ್ರ ಅವಳಿಗಾಗುತ್ತಿರಲಿಲ್ಲ. ಐಸಿಲ್ಡಾಳೂ ಹಾಗೆಯೇ.

ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ಬಂದ ಮೇಲೂ ಸೀಸೆ ತಪ್ಪಲಿಲ್ಲ. ನಾನು ಫ್ಲ್ಯಾಟ್‌ಬುಷ್ ರಸ್ತೆಯಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದ್ದೆ. ಜಡೆ ಬಿಟ್ಟ ಅಮೋಸ್ ಹಿಂದಿನ ಸೀಟಿನಲ್ಲಿ ಕೂತು ಬರುವನು, ಇಳಿಯುವಾಗ ಒಂದು ಪೊಟ್ಟಣ ಸೀಟಿನ ಮೇಲೆ ಉಳಿದಿರುವುದು. ಅವನು ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ. ಆ ಕಾಲದಲ್ಲಿ ಜೇಬಿನಲ್ಲಿ ಒಂದು ಗಾಂಜಾ ಸುರುಳಿ ಸಿಕ್ಕರೆ ಪೊಲೀಸರು ನಮ್ಮ ಹುಡುಗರನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದರು. ನೆರೆಮನೆಯ ಮರ್ಸಿಯ ಮಗ ಕ್ಲೋವಿಸ್‌ನನ್ನು ಚರ್ಚ್ ರಸ್ತೆಯ ಮೂಲೆಯಲ್ಲಿ ಹಾಗೆ ನಿಲ್ಲಿಸಿದ್ದನ್ನು ನಾನು ವ್ಯಾನಿನಿಂದಲೇ ಕಂಡೆ. ಮಗುವಾಗಿದ್ದಾಗಲೇ ಈ ದೇಶಕ್ಕೆ ಬಂದವನು ಅವನು, ಆದರೆ ಪೌರನಾಗಿರಲಿಲ್ಲ. ಅವನನ್ನು ಜಮೈಕಾಕ್ಕೆ ಹಿಂದಕ್ಕೆ ಕಳಿಸಿದರು. ಅಲ್ಲಿ ಅವನಿಗೆ ಒಬ್ಬರ ಮುಖವೂ ಗೊತ್ತಿರಲಿಲ್ಲ.

ಆಮೇಲೆ ಕಾಲ ತಿರುಗಿತು. ಗಾಂಜಾ ತಪ್ಪಲ್ಲ ಎಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತು. ಕ್ಲೋವಿಸ್‌ನನ್ನು ನಿಲ್ಲಿಸಿದ್ದ ಅದೇ ಮೂಲೆಯಲ್ಲಿ ಗಾಜಿನ ಬಾಗಿಲಿನ, ಲೈಸೆನ್ಸಿನ ಗಾಂಜಾ ಅಂಗಡಿ ಎದ್ದಿತು. ಒಳಗೆ ಮರದ ಕಪಾಟು, ಹಳದಿ ದೀಪ, ಸಣ್ಣ ಸಂಗೀತ. ಹೊರಗಿನಿಂದ ನೋಡಿದರೆ ಕನ್ನಡಕದ ಅಂಗಡಿ ಎನ್ನಬೇಕು.

ಆ ಹೊತ್ತಿಗೆ ಅಮೋಸ್ ಮುದುಕನಾಗಿ ಮಗನ ಮನೆಗೆ, ದಕ್ಷಿಣಕ್ಕೆ ಹೋಗಿಬಿಟ್ಟಿದ್ದ. ಐಸಿಲ್ಡಾಳ ಸೀಸೆ ಬರಿದಾಗಿತ್ತು.

"ಲಾಂಡ್ರಿ ಪಕ್ಕದ ಅಂಗಡೀಲಿ ಮಾರ್ತಾರಲ್ಲ, ತಂದುಕೊಡ್ಲಾ?" ಎಂದೆ. "ಅಲ್ಲಿ ಯಾರೂ ಏನೂ ಕೇಳಲ್ಲ."

"ಅದಕ್ಕೆ ಲೈಸೆನ್ಸ್ ಇಲ್ಲ ಅಣ್ಣ. ಕಿಟಕಿ ಮೇಲೆ ಸರ್ಕಾರದ ಚೀಟಿ ಇದೆಯಾ ನೋಡು, ಇಲ್ಲ. ನಾನು ಪೌರತ್ವಕ್ಕೆ ಅರ್ಜಿ ಹಾಕಿರೋಳು. ಈಗ ಕಳ್ಳಂಗಡಿ ಮೆಟ್ಟಿಲು ಹತ್ತಿ, ಅವತ್ತೇ ಅಲ್ಲಿಗೆ ಪೊಲೀಸ್ನೋರು ಬಂದ್ರೆ ಏನು ಗತಿ? ಕಾನೂನೇ ಬಾಗಿಲು ತೆಗೆದಿರುವಾಗ ಮುಂಬಾಗಿಲಲ್ಲೇ ಹೋಗ್ತೀನಿ."

ಪೌರತ್ವ ಅವಳಿಗೆ ಬೇಕಾಗಿದ್ದುದು ಒಂದೇ ಕಾರಣಕ್ಕೆ. ಅವಳ ಒಬ್ಬಳೇ ಮಗಳು ಕೆಟುರಾ ಜಮೈಕಾದಲ್ಲೇ ಇದ್ದಳು. ಮಗಳಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ನಮ್ಮಮ್ಮನ ಕೈಗೆ ಕೊಟ್ಟು ಐಸಿಲ್ಡಾ ಇಲ್ಲಿಗೆ ದುಡಿಯಲು ಬಂದಿದ್ದಳು. ಕೆಟುರಾಗೆ ಎರಡು ಬಾರಿ ಬಸಿರು ನಿಲ್ಲಲಿಲ್ಲ. ಎರಡು ಬಾರಿಯೂ ತಾಯಿ ಹತ್ತಿರ ಇರಲಿಲ್ಲ. ಈಗ ನಲವತ್ತು ದಾಟಿದ ಮೇಲೆ ಮತ್ತೆ ನಿಂತಿತ್ತು. ಅವಳ ಹಾಗೆ ಬರೀ ಗ್ರೀನ್ ಕಾರ್ಡಿನ ಪರವಾನಗಿಯಲ್ಲಿ ಇರುವವರು ದೇಶದ ಹೊರಗೆ ಹೋಗಿ ಬಹಳ ಕಾಲ ಇದ್ದುಬಿಟ್ಟರೆ ವಾಪಸು ಬರುವಾಗ ನೂರು ಪ್ರಶ್ನೆ. ಪೌರಳಾಗಿಬಿಟ್ಟರೆ ಹೆರಿಗೆಗೂ ಹೋಗಿ, ಬಾಣಂತನ ಮುಗಿಸಿ, ಮಗು ಕತ್ತು ನಿಲ್ಲಿಸುವವರೆಗೆ ಇದ್ದು ಬರಬಹುದು. ಅದೇ ಅವಳ ಲೆಕ್ಕ.

ಒಂದು ಶನಿವಾರ ಬೆಳಗ್ಗೆ, ಇಗರ್ಜಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಬೈಬಲಿನ ಮೋಶೆಯ ಕಟ್ಟಳೆ ಒಪ್ಪಿಸುವ ಹಾಗೆ ನಿಯಮ ಒಪ್ಪಿಸಿದಳು: ಇಪ್ಪತ್ತೊಂದು ತುಂಬಿರಬೇಕು, ಇಷ್ಟೇ ತೂಕ ಇಟ್ಟುಕೊಳ್ಳಬಹುದು, ಕಾರಿನಲ್ಲಿ ಸೇದಬಾರದು, ಪಾರ್ಕಿನಲ್ಲಿ ಸೇದಬಾರದು, ರಾಜ್ಯದ ಗಡಿ ದಾಟಿಸಬಾರದು. ಲೈಬ್ರರಿಯಲ್ಲಿ ಒಬ್ಬ ಹೆಂಗಸು ಸಭೆ ನಡೆಸಿ ಹೇಳಿಕೊಟ್ಟಿದ್ದಳಂತೆ. ಐಸಿಲ್ಡಾ ಕಲಿತದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಬಾಗಿಲಲ್ಲಿ ಎತ್ತರದ ಕಾವಲುಗಾರನೊಬ್ಬ ನಿಂತಿದ್ದ. ಮಾತಿನ ರಾಗದಲ್ಲೇ ನಮ್ಮ ನೆರೆಯ ದ್ವೀಪ ಹೈಟಿಯವನೆಂದು ತಿಳಿಯುತ್ತಿತ್ತು.

"ಕಾರ್ಡು ತೋರಿಸಿ ತಾಯಿ. ಇಪ್ಪತ್ತೊಂದಾಗಿದೆಯಾ ನೋಡ್ಬೇಕು."

"ನನ್ನ ಬಾಯಲ್ಲಿ ಹಲ್ಲೇ ಇಪ್ಪತ್ತೊಂದಿಲ್ಲ ಕಣಪ್ಪ, ನೀನು ವಯಸ್ಸು ನೋಡ್ತೀಯಾ?"

ಸಾಲಿನಲ್ಲಿದ್ದವರು ನಕ್ಕರು. ಅವನೂ ನಕ್ಕ. ಐಸಿಲ್ಡಾ ಕೈಚೀಲದಿಂದ ಗ್ರೀನ್ ಕಾರ್ಡು ತೆಗೆದುಕೊಟ್ಟಳು. ಅವಳಿಗೆ ಡ್ರೈವಿಂಗ್ ಬಾರದು. ಅವಳ ಪಾಲಿಗೆ ಕಾರ್ಡೆಂದರೆ ಅದೊಂದೇ. ಕಾವಲುಗಾರನ ನಗು ನಿಂತಿತು. ಕಾರ್ಡಿನ ಮೇಲೆ ಅಂಗೈ ಮುಚ್ಚಿ ಅವಳ ಕೈಗೇ ವಾಪಸು ಒತ್ತಿದ.

"ಬೇರೆ ಯಾವುದಾದ್ರೂ ಇಲ್ವಾ? ನಗರಸಭೆಯೋರು ಕೊಡೋದು, ಅಂಥದ್ದು?"

"ಯಾಕೆ? ಇದೇನು ಸುಳ್ಳು ಕಾರ್ಡಾ?"

"ಸುಳ್ಳಲ್ಲ ತಾಯಿ. ನಿಜವಾದ್ದು, ಅದಕ್ಕೇ ಹೇಳ್ದೆ. ನಮ್ಮಣ್ಣನ ಹತ್ರಾನೂ ಇಂಥದ್ದೇ ಇತ್ತು."

"ಇತ್ತಾ? ಕಳ್ಕೊಂಡ್ನಾ?"

ಅವನು ಅವಳ ಹಿಂದಿದ್ದವರ ಕಡೆ ನೋಡಿದ. "ಹಾಗೇ ಅನ್ಕೊಳ್ಳಿ. ಒಳಗೆ ಹೋಗಿ ಬನ್ನಿ."

ಐಸಿಲ್ಡಾಗೆ ಅವಮಾನವಾಗಿತ್ತು. "ನೋಡಿದ್ಯಾ ಅಣ್ಣ, ಇವನಿಗೆ ನಮ್ಮ ಜನ ಅಂದ್ರೆ ಸದರ," ಎಂದು ಒಳಗೆ ಹೋಗುತ್ತಲೇ ಗೊಣಗಿದಳು. ನಾನು ಹಿಂತಿರುಗಿ ನೋಡಿದೆ. ಅವನು ಬಾಗಿಲಲ್ಲಿ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದ. ಸದರದ ನೋಟವಾಗಿರಲಿಲ್ಲ ಅದು. ಸಾವಿನ ಮನೆಗೆ ಬಂದವರು ಹಾಗೆ ನೋಡುತ್ತಾರೆ.

ಒಳಗೆ ನೀಲಿ ಕೂದಲಿನ ಹುಡುಗಿಯೊಬ್ಬಳು ಡಬ್ಬಿಗಳನ್ನು ಸಾಲಾಗಿಟ್ಟು ಒಂದೊಂದರ ಗುಣ ಹಾಡಿದಳು. ಒಂದು ನಗಿಸುತ್ತದಂತೆ, ಒಂದು ಮಲಗಿಸುತ್ತದಂತೆ.

"ನನಗೆ ನಗೋದೂ ಬೇಡ, ಮಲಗೋದೂ ಬೇಡ," ಎಂದಳು ಐಸಿಲ್ಡಾ. "ಇದ್ರಲ್ಲಿ ರಮ್ಮಲ್ಲಿ ಚೆನ್ನಾಗಿ ನೆನೆಯೋದು ಯಾವುದು, ಅದು ಹೇಳು."

ಹುಡುಗಿಗೆ ಅದು ಗೊತ್ತಿರಲಿಲ್ಲ. ಬೇಕಾದರೆ ಇದಿದೆ ಎಂದು ಬಣ್ಣದ ಮಿಠಾಯಿ ತೋರಿಸಿದಳು.

"ಮಿಠಾಯಿ ಮಾಡಿದೀರಾ? ಥೂ! ಮಕ್ಕಳ ಬಾಯಿಗೆ ಬಿದ್ರೆ ಯಾರು ಗತಿ?"

"ಅದಕ್ಕೇ ಡಬ್ಬಿ ಬಿಗಿಯಾಗಿರುತ್ತೆ ಮೇಡಂ, ಮಕ್ಕಳಿಗೆ ತೆಗೆಯೋಕೆ ಬರಲ್ಲ."

ಮನೆಗೆ ಬಂದ ಮೇಲೆ, ಕೊಂಡು ತಂದ ಸೊಪ್ಪಿನ ಡಬ್ಬಿಯನ್ನು ನಮಗೂ ತೆಗೆಯಲು ಬರಲಿಲ್ಲ. ಕೊನೆಗೆ ನಾನು ಇಕ್ಕಳ ತಂದೆ. ಅಂದು ಐಸಿಲ್ಡಾ ನಕ್ಕ ಹಾಗೆ ಆಮೇಲೆ ನಗಲಿಲ್ಲ.

ಪೌರತ್ವದ ಸಂದರ್ಶನಕ್ಕೆ ಕರೆ ಬಂದಾಗ ಕೆಟುರಾಗೆ ಐದು ತಿಂಗಳು. ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಕಚೇರಿಯ ಹೊರಗೆ ಕಾದೆ. ಬಹಳ ಹೊತ್ತಾಯಿತು. ಅವಳಾದ ಮೇಲೆ ಒಳಗೆ ಹೋದವರು ಹೊರಗೆ ಬಂದರು, ಮನೆಯವರನ್ನು ತಬ್ಬಿಕೊಂಡರು, ಹೋದರು. ಕೊನೆಗೆ ಐಸಿಲ್ಡಾ ಬಂದಳು. ಮುಖ ಅರಳಿತ್ತು.

"ಎಷ್ಟು ಒಳ್ಳೆಯವನು ಗೊತ್ತಾ ಅಣ್ಣ, ಆ ಆಫೀಸರು! ಇಂಗ್ಲಿಷ್ ಓದೋಕೆ ಬರುತ್ತಾ ಅಂತ ಕೇಳಿದ. ನಿಮ್ಮಜ್ಜಿಗಿಂತ ಚೆನ್ನಾಗಿ ಬರುತ್ತೆ ಅನ್ನೋಳಿದ್ದೆ, ನಾಲಿಗೆ ಕಚ್ಕೊಂಡೆ."

"ಮತ್ತೆ ಇಷ್ಟು ಹೊತ್ತು?"

"ಅದೇ ಹೇಳ್ತೀನಿ ಕೇಳು. ಮೊದಲು ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದ. ಆಮೇಲೆ ಕಳ್ಳತನ ಮಾಡಿದೀರಾ, ಕುಡಿದು ಬಿದ್ದಿದೀರಾ ಅಂತ ಕೇಳ್ತಾ ಕೇಳ್ತಾ, ಗಾಂಜಾ ಇಟ್ಕೊಂಡಿದ್ರಾ ಅಂದ. ಹೌದು ಸರ್, ಮಂಡಿಗೆ ತಿಕ್ಕೋಕೆ. ಲೈಸೆನ್ಸ್ ಇರೋ ಅಂಗಡೀಲಿ, ನನ್ನ ಕಾರ್ಡು ತೋರಿಸಿ, ಮುಂಬಾಗಿಲಲ್ಲೇ ಹೋಗಿ ತಗೊಂಡೆ ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದ. ಎಷ್ಟು ಸಲ, ಅದಕ್ಕೆ ಮುಂಚೆ ಎಲ್ಲಿಂದ, ಯಾವಾಗಿಂದ ಅಂತ ಒಂದೊಂದೇ ಕೇಳಿದ. ಅಜ್ಜಿ ಕತೆ ಹೇಳಿದೆ. ಜ್ವರ ಬಂದ್ರೆ ಸೊಪ್ಪು ಕುದಿಸಿ ಕುಡಿಸ್ತಿದ್ಲು ಅಂದೆ. ನಿನ್ನ ವ್ಯಾನು, ಅಮೋಸು, ಅದೆಲ್ಲ ಹೇಳ್ಲಿಲ್ಲ, ಹೆದರ್ಕೋಬೇಡ. ಪರಿಚಯದವರು ಕೊಡ್ತಿದ್ರು ಅಂದೆ. ಎಲ್ಲಾ ಬರ್ಕೊಂಡ. ನನ್ನ ಕತೇನ ಇಷ್ಟು ಹೊತ್ತು ಯಾರೂ ಕೇಳಿರಲಿಲ್ಲ."

ನಾನು ವ್ಯಾನು ಚಾಲೂ ಮಾಡಲಿಲ್ಲ. ರಸ್ತೆಯ ಮೇಲೆ ಎಷ್ಟೋ ಪೊಲೀಸರಿಗೆ ಕೈಕಟ್ಟಿ ನಿಂತವನು ನಾನು. ಬೈಯುವ ಪೊಲೀಸು ಬೈದು ಬಿಡುತ್ತಾನೆ. ಸುಮ್ಮನೆ ಬರೆದುಕೊಳ್ಳುವವನು ಬಿಡುವುದಿಲ್ಲ.

"ಪೌರತ್ವ ಯಾವತ್ತು ಕೊಡ್ತಾರಂತೆ?"

"ಹೇಳ್ಲಿಲ್ಲ. ಪತ್ರ ಬರುತ್ತೆ ಅಂದ. ಏನಣ್ಣ ಹಾಗೆ ನೋಡ್ತೀಯಾ? ಹಸಿವಾಗಿದೆ, ನಡಿ."

ಪತ್ರ ಬರಲಿಲ್ಲ. ಅವಳಾದ ಮೇಲೆ ಸಂದರ್ಶನಕ್ಕೆ ಹೋದ ನಮ್ಮ ಇಗರ್ಜಿಯ ಇಬ್ಬರು ಪೌರರಾಗಿ, ಕೈಯಲ್ಲಿ ಸಣ್ಣ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡರು. ಐಸಿಲ್ಡಾ ಅವರಿಗೆ ಕೇಕು ಮಾಡಿಕೊಟ್ಟಳು. ಕೆಟುರಾಗೆ ರಕ್ತದೊತ್ತಡ ಏರುತ್ತಿದೆ, ಕಾಲು ಊದಿದೆ ಎಂದು ಅಲ್ಲಿಂದ ಸುದ್ದಿ ಬಂತು. ಆಮೇಲೆ ಒಂದು ದಿನ ಪತ್ರವೂ ಬಂತು. ಅರ್ಜಿ ತಿರಸ್ಕರಿಸಿದ್ದರು.

ವಕೀಲೆ ಆರ್ಲೀನ್ ಬ್ಯಾಸ್ಕಂ ನಮ್ಮ ಇಗರ್ಜಿಯವಳೇ. ಮಗುವಾಗಿದ್ದಾಗ ಐಸಿಲ್ಡಾಳ ತೊಡೆಯ ಮೇಲೆ ಕೂತು ಪ್ರಾರ್ಥನೆ ಕಲಿತವಳು. ಪತ್ರ ಓದಿ ಮೇಜಿನ ಮೇಲೆ ಮೆಲ್ಲನೆ ಇಟ್ಟಳು.

"ಆಂಟೀ, ಸಂದರ್ಶನಕ್ಕೆ ಹೋಗೋ ಮುಂಚೆ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

"ತಪ್ಪು ಮಾಡಿದೋರು ಲಾಯರ ಹತ್ರ ಹೋಗ್ತಾರೆ. ನಾನು ತಪ್ಪು ಮಾಡಿರಲಿಲ್ಲ. ಈಗಲೂ ಮಾಡಿಲ್ಲ. ಅಂಗಡೀಲಿ ಕೊಂಡಿದ್ದು!"

"ಅಂಗಡಿಗೆ ಲೈಸೆನ್ಸ್ ಕೊಟ್ಟಿದ್ದು ರಾಜ್ಯ. ಪೌರತ್ವ ಕೊಡೋದು ದೇಶ. ದೇಶದ ಕಾನೂನಲ್ಲಿ ಗಾಂಜಾ ಇವತ್ತಿಗೂ ಅಪರಾಧ. ಇಲ್ಲಿ ಹುಟ್ಟಿದೋರಿಗೆ, ಪೌರರಿಗೆ ಅದು ತಟ್ಟಲ್ಲ. ನಿಮ್ಮಂಥ ಕಾರ್ಡಿನವರಿಗೆ ತಟ್ಟುತ್ತೆ. ಯಾರೂ ಹಿಡಿಯಬೇಕಾಗಿಲ್ಲ ಆಂಟೀ, ಕೇಸು ಬೇಕಾಗಿಲ್ಲ. ನೀವೇ ಬಾಯಿಬಿಟ್ಟು ಒಪ್ಕೊಂಡ್ರೆ ಸಾಕು."

"ಹಾಗಾದ್ರೆ ಸುಳ್ಳು ಹೇಳಬೇಕಿತ್ತಾ? ಕೈ ಎತ್ತಿ ದೇವರ ಮೇಲೆ ಆಣೆ ಇಟ್ಟು?"

"ಸುಳ್ಳು ಹೇಳಿದ್ರೆ ಅದು ಇನ್ನೊಂದು ಅಪರಾಧ."

ಐಸಿಲ್ಡಾ ನನ್ನ ಕಡೆ ತಿರುಗಿದಳು. "ನೋಡಣ್ಣ, ಬೋನಿಗೆ ಎರಡು ಬಾಗಿಲು. ಎರಡೂ ಒಳಕ್ಕೇ ತೆರೆಯುತ್ತೆ."

ಆರ್ಲೀನ್ ಎದ್ದು ಬಂದು ಅವಳ ಪಕ್ಕ ಕೂತಳು. "ಕೇಳಿ ಆಂಟೀ. ಕಾರ್ಡು ಇನ್ನೂ ಇದೆ. ಇಲ್ಲೇ ಇರಿ, ಯಾರ ಕಣ್ಣಿಗೂ ಬೀಳಬೇಡಿ. ದೇಶ ಬಿಟ್ಟು ಮಾತ್ರ ಹೋಗಬೇಡಿ. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ನೀವು ಹೇಳಿದ್ದೆಲ್ಲ ಅವರ ಕಣ್ಣ ಮುಂದಿರುತ್ತೆ. ಒಳಗೆ ಬಿಡದೆ ಇರಬಹುದು. ವಿಚಾರಣೆ ಆಗೋವರೆಗೂ ಕೂಡಿ ಹಾಕಲೂಬಹುದು."

"ಮುದುಕೀನ?"

"ಕಾನೂನಿಗೆ ಮುದುಕಿ ಅಂತ ಗೊತ್ತಾಗಲ್ಲ ಆಂಟೀ."

ಅಂದಿನಿಂದ ಐಸಿಲ್ಡಾ ಬಾಗಿಲು ಬಡಿದರೆ ಮೊದಲು ಕಿಟಕಿಯಿಂದ ನೋಡತೊಡಗಿದಳು. ಮೆಟ್ಟಿಲಲ್ಲಿ ಬೂಟಿನ ಸದ್ದಾದರೆ ಮಾತು ನಿಲ್ಲಿಸುವಳು. ಸೀಸೆಯಲ್ಲಿದ್ದುದನ್ನು ಪಾಯಿಖಾನೆಗೆ ಸುರಿದು, ಸೀಸೆ ಒಡೆದು, ಚೂರುಗಳನ್ನು ಬೇರೆ ಬೀದಿಯ ಕಸದ ಡಬ್ಬಿಗೆ ಹಾಕಿ ಬಂದಳು. ಮಂಡಿ ಊದಿಕೊಂಡಿತು. ಕಾನೂನು ಒಪ್ಪದಿದ್ದ ಕಾಲದಲ್ಲಿ, ಎಲ್ಲ ಕಳ್ಳತನದಲ್ಲಿ ನಡೆಯುತ್ತಿದ್ದಾಗ, ಅವಳು ಒಂದು ದಿನವೂ ಹೀಗೆ ಹೆದರಿರಲಿಲ್ಲ. ಹೊರಗೆ ಮೂಲೆಯ ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತೇ ಇದ್ದರು.

ಒಂದು ಬೆಳಗ್ಗೆ ಕೆಟುರಾಳ ಫೋನು ಬಂತು. ಐಸಿಲ್ಡಾ ಫೋನನ್ನು ನನಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು.

"ಅಮ್ಮಾ, ಆಸ್ಪತ್ರೆಗೆ ಸೇರಿಸ್ಕೊಂಡಿದಾರೆ. ಮುಂಚೇನೇ ತೆಗೀಬೇಕಾಗಬಹುದಂತೆ."

"ಜೊತೇಲಿ ಯಾರಿದಾರೆ?"

"ಅತ್ತೆ ಬಂದು ಹೋಗ್ತಾರೆ. ನೀನು ಬರಬೇಡಮ್ಮ. ಮಾಮ ಎಲ್ಲ ಹೇಳಿದಾನೆ. ಹೋದ ಸಲಾನೂ ನಾನೊಬ್ಬಳೇ ಇದ್ದೆನಲ್ಲ, ಅಭ್ಯಾಸ ಆಗಿದೆ."

ಅವಳು ಕೊಂಕಿನಿಂದ ಅಂದದ್ದಲ್ಲ. ಕೊಂಕಿನಿಂದ ಅಂದಿದ್ದರೆ ಐಸಿಲ್ಡಾ ತಡೆದುಕೊಳ್ಳುತ್ತಿದ್ದಳೇನೋ. ಫೋನು ಇಟ್ಟವಳೇ ಕಪಾಟಿನ ಮೇಲಿಂದ ಪೆಟ್ಟಿಗೆ ಎಳೆದಳು.

"ಐಸಿ, ಆರ್ಲೀನ್ ಏನಂದ್ಲು ಮರೆತ್ಯಾ?"

"ಮರೆತಿಲ್ಲ. ಹೋಗಬಾರದು ಅಂತ ಅಂದಿಲ್ಲ ಅವಳು. ವಾಪಸ್ ಬರೋಕೆ ಕಷ್ಟ ಅಂದ್ಲು."

"ಇಲ್ಲಿ ಏನೂ ಇಲ್ವಾ ನಿನಗೆ? ಹೃದಯದ ಡಾಕ್ಟರು ಇಲ್ಲಿ. ನಿನ್ನ ಗಂಡ ಎರಿಕ್‌ನ ಗೋರಿ ಇಲ್ಲಿ."

"ನೀನೂ ಇಲ್ಲಿ. ಅದಕ್ಕೇ ವಾಪಸ್ ಬರ್ತೀನಿ." ಮಗುವಿಗೆಂದು ಹೊಲಿದಿದ್ದ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕುತ್ತಲೇ ಇದ್ದಳು. "ಹಲ್ಲು ಬೀಳೋ ಮಗೂನ ಬಿಟ್ಟು ಬಂದೆ ಅಣ್ಣ. ಆ ಹಲ್ಲನ್ನ ಯಾರು ಎಲ್ಲಿ ಎಸೆದ್ರೋ, ನಾನು ನೋಡ್ಲಿಲ್ಲ. ಇನ್ನೊಂದು ಸಲ ಕಾರ್ಡು ನೋಡ್ಕೊಂಡು ಇಲ್ಲಿ ಕೂತಿರಲಾ?"

ನಾನು ಪೆಟ್ಟಿಗೆಯ ಮೇಲೆ ಮಂಡಿಯೂರಿ ಮುಚ್ಚಳ ಒತ್ತಿ ಹಿಡಿದೆ, ಅವಳು ಚಿಲಕ ಹಾಕಿದಳು.

ವಿಮಾನ ನಿಲ್ದಾಣದಲ್ಲಿ ಅವಳು ಹೋಗುವುದನ್ನು ಯಾರೂ ತಡೆಯಲಿಲ್ಲ. ಹೊರಹೋಗುವವರನ್ನು ಅಲ್ಲಿ ಒಬ್ಬರೂ ಏನೂ ಕೇಳುವುದಿಲ್ಲ. ಐಸಿಲ್ಡಾ ಟೋಪಿ ಸರಿಮಾಡಿಕೊಂಡು ಒಮ್ಮೆ ಕೈಬೀಸಿ ಒಳಗೆ ನಡೆದುಬಿಟ್ಟಳು. ಅಷ್ಟು ಸಲೀಸಾಗಿ ತೆರೆದ ಬಾಗಿಲು ಅವಳ ಹಿಂದೆ ಮುಚ್ಚಿಕೊಳ್ಳುವವರೆಗೂ ನಾನು ನೋಡುತ್ತ ನಿಂತೆ.

ಹೆಣ್ಣುಮಗು ಹುಟ್ಟಿತು. ಕೈಗೆ ಹಿಡಿಯಲು ಭಯವಾಗುವಷ್ಟು ಚಿಕ್ಕದು, ಆದರೆ ಅಳು ಬೀದಿಗೆ ಕೇಳುವಂಥದ್ದು. ಕೆಟುರಾ ಮೂರು ದಿನ ಕಣ್ಣು ಸರಿಯಾಗಿ ಬಿಡಲಿಲ್ಲವಂತೆ. ಐಸಿಲ್ಡಾ ಹಾಸಿಗೆಯ ಪಕ್ಕ ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಆಮೇಲೆ ತಾಯಿ, ಮಗು ಇಬ್ಬರೂ ಮನೆಗೆ ಬಂದರು. ಫೋನಿನ ಪರದೆಯಲ್ಲಿ ಐಸಿಲ್ಡಾ ಮಗುವನ್ನು ಎತ್ತಿ ಎತ್ತಿ ತೋರಿಸುವಳು. ಹಿಂದಿನಿಂದ ಕೆಟುರಾಳ ದನಿ ಕೇಳುವುದು: "ಮಾಮ, ಇಲ್ಲೇ ಇರು ಅಂತ ನೀನಾದ್ರೂ ಹೇಳು."

ನಾನು ಹೇಳಿದೆ. ನನ್ನ ಎದೆಯನ್ನು ಕಲ್ಲು ಮಾಡಿಕೊಂಡು ಹೇಳಿದೆ.

"ಇಲ್ಲೇ ಇದ್ರೆ ಏನಂತಾರೆ ಗೊತ್ತಾ?" ಎಂದಳು ಐಸಿಲ್ಡಾ. "ತಪ್ಪು ಮಾಡಿದ್ಲು, ಓಡಿಹೋದ್ಲು ಅಂತಾರೆ. ಮೂವತ್ತು ವರ್ಷ ಆ ಊರಿನೋರ ಅಪ್ಪ ಅಮ್ಮಂದಿರ ಕುಂಡೆ ತೊಳೆದಿದೀನಿ ಅಣ್ಣ. ನನ್ನ ಮನೆ ಬೀಗದ ಕೈ ನನ್ನ ಹತ್ರ ಇದೆ. ಮಾತ್ರೆನೂ ಮುಗೀತಾ ಬಂತು."

ವಾಪಸಾಗುವ ದಿನ ನಾನು ಮಧ್ಯಾಹ್ನವೇ ನಿಲ್ದಾಣಕ್ಕೆ ಹೋದೆ. ಜಮೈಕಾದ ಕಿಂಗ್‌ಸ್ಟನ್ನಿನ ವಿಮಾನ ಇಳಿದಿದೆ ಎಂದು ಹಲಗೆಯ ಮೇಲೆ ಬಂತು. ನಮ್ಮ ಜನ ಹೊರಗೆ ಬರತೊಡಗಿದರು. ಹಗ್ಗ ಕಟ್ಟಿದ ಪೆಟ್ಟಿಗೆಗಳು, ಹುಲ್ಲಿನ ಟೋಪಿಗಳು, ಅಜ್ಜಿಯರನ್ನು ಕೂರಿಸಿದ ತಳ್ಳುಕುರ್ಚಿಗಳು. ಪ್ರತಿ ತಳ್ಳುಕುರ್ಚಿಗೂ ನಾನು ಕತ್ತು ಚಾಚಿದೆ. ಜನ ತೆಳುವಾದರು. ಒಬ್ಬೊಬ್ಬರಾದರು. ಕೊನೆಗೆ ಕೆಂಪು ಕೋಟಿನ ಹೆಂಗಸೊಬ್ಬಳು ಅತ್ತಿತ್ತ ನೋಡುತ್ತ ಬಂದು ನನ್ನ ಮುಂದೆ ನಿಂತಳು.

"ಮಿಸ್ ಐಸಿಯವರ ಅಣ್ಣನಾ ನೀವು? ಬೂದು ಕ್ಯಾಪು, ಕೋಲು ಅಂದ್ರು."

"ಹೌದಮ್ಮ. ಎಲ್ಲಿ ಅವಳು?"

"ವಿಮಾನದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ರು. ಮೊಮ್ಮಗಳ ಫೋಟೋ ತೋರಿಸಿದ್ದೇ ತೋರಿಸಿದ್ದು, ಪಾಪ." ಅವಳು ನನ್ನ ಮುಖ ನೋಡಲಿಲ್ಲ. "ಕಾರ್ಡು ನೋಡೋ ಕಡೆ, ಅವರನ್ನ ಪಕ್ಕಕ್ಕೆ ಕರೆದ್ರು. ಆ ಕಡೆ ಒಂದು ಕೋಣೆ ಇದೆ. ನಾನು ನಿಂತೆ, ನಿಲ್ಲೋಕೆ ಬಿಡಲಿಲ್ಲ. ಇದನ್ನ ನಿಮಗೆ ಕೊಡಿ ಅಂತ ಕೈಗೆ ತುರುಕಿದ್ರು."

ಬೆಳ್ಳಿ ಕಾಗದದಲ್ಲಿ ಸುತ್ತಿದ ಹುರಿದ ಮೀನು. ವಿನಿಗರು, ಈರುಳ್ಳಿ, ಖಾರದ ಮೆಣಸಿನ ವಾಸನೆ.

"ಇವತ್ತೇ ತಿನ್ನಬೇಕಂತೆ. ನಾಳೆಗೆ ಇರಲ್ಲ ಅಂತ ಹೇಳು ಅಂದ್ರು."

ಅವಳು ಹೋದಳು. ಸಮವಸ್ತ್ರದ ಒಬ್ಬಾಕೆಯನ್ನು ಕೇಳಿದೆ. ಒಳಗಿರುವವರ ವಿಷಯ ಹೇಳುವ ಹಾಗಿಲ್ಲ ಎಂದಳು. ಆರ್ಲೀನ್‌ಗೆ ಫೋನು ಮಾಡಿದೆ. "ಬರ್ತಿದೀನಿ ಅಂಕಲ್, ಅಲ್ಲೇ ಇರಿ," ಎಂದಳು. ದನಿಯಲ್ಲಿ ಆತುರ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಬೆಂಚಿನ ಮೇಲೆ ಕೂತು ಮೀನಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡೆ. ಬಾಗಿಲು ತೆರೆಯಿತು, ಮುಚ್ಚಿತು. ಈಗ ಬರುತ್ತಿದ್ದವರು ಬೇರೆ ಯಾವುದೋ ದೇಶದವರು.

ಫೋನು ಹೊಡೆದುಕೊಂಡಿತು. ಕೆಟುರಾ. ಹಿಂದೆ ಮಗು ಅಳುತ್ತಿತ್ತು.

"ಮಾಮ, ಅಮ್ಮ ಬಂದ್ಲಾ?"

"ವಿಮಾನ ಇಳೀತು ಮಗಳೇ," ಎಂದೆ.